ಕಾಗೆ ಓಡಿಸಿದ ಕಸೂತಿ

ಕಸೂತಿ ಕ್ಲಾಸಿನಲ್ಲಿ ಕಸೂತಿಯೊಂದು ಬಿಟ್ಟು ಬಾಕಿ ಎಲ್ಲವೂ ನಡೆಯುತ್ತದೆ ಎಂದರೆ ನನ್ನ ಗಂಡ ನಂಬುವುದಿಲ್ಲ. ಭಾನುವಾರ ಸಂಜೆ ಮನೆಗೆ ಬಂದು ನಾನೊಂದು ಕತೆ ಶುರು ಮಾಡಿದರೆ ಸಾಕು, "ನೀನು ಕಲಿಸಲಿಕ್ಕೆ ಹೋಗುವುದೋ, ಯಕ್ಷಗಾನದ ಆಟ ನೋಡಲಿಕ್ಕೆ ಹೋಗುವುದೋ?" ಎಂದು ಕೇಳುತ್ತಾರೆ. ಎಂತ ಮಾಡುವುದು, ನಾನು ಹೋದಲ್ಲೇ ಆಟ ಆಗುತ್ತದೆ!

ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದು ನಿವೃತ್ತಳಾದ ಮೇಲೆ, ಉಚ್ಚಿಲದ ಒಂದು ಸಭಾಭವನದ ಜಗಲಿಯಲ್ಲಿ ಈ ಕ್ಲಾಸು ತೆರೆದೆ. ಹೊರಗಿನಿಂದ ದುಡಿಯಲು ಬಂದ ಹೆಂಗಸರಿಗೆ ಪುಕ್ಕಟೆ. ಮೀನು ಕತ್ತರಿಸುವ ಶೆಡ್ಡಿನ ಒಡಿಶಾದವರು, ವಾಚ್‌ಮನ್‌ಗಳ ಹೆಂಡತಿಯರಾದ ನೇಪಾಳದವರು, ಕಟ್ಟಡ ಕೆಲಸದ ವಿಜಯಪುರದ ಕಡೆಯವರು ಬರುತ್ತಾರೆ.

ಮನೆ ಎಲ್ಲಿ?

ಮೊದಲ ದಿನ, "ನಿಮ್ಮ ಮನೆಯ ಚಿತ್ರ ಹೊಲಿಯಿರಿ" ಎಂದೆ. ಗುಡಿಸಲು, ಮಾವಿನ ಮರ, ಬೆಟ್ಟ ಎಲ್ಲ ಬರುತ್ತದೆಂದು ನನ್ನ ಲೆಕ್ಕ. ನೇಪಾಳದವಳು ಬಟ್ಟೆ ತುಂಬ ದೊಡ್ಡದೊಂದು ಕಬ್ಬಿಣದ ಗೇಟು ಹೊಲಿದು ತಂದಳು. ಅದರ ಸರಳುಗಳನ್ನು ಒಂದೂ ಬಿಡದೆ ಹೊಲಿದಿದ್ದಳು.

"ಗೇಟು ಚೆನ್ನಾಗಿ ಉಂಟು. ಮನೆ ಎಲ್ಲಿ?" ಎಂದೆ.

"ಒಳಗಿರುವ ಮನೆಗಳೆಲ್ಲ ಅವರವು ಟೀಚರ್. ನಮ್ಮದು ಗೇಟು ಮಾತ್ರ."

ಅತ್ತೆಯ ನೆನಪು

ಮಣಿಪಾಲದಲ್ಲಿ ಹೊಸ ಫ್ಲಾಟು ತೆಗೆದುಕೊಂಡ ಒಬ್ಬ ಮೇಡಂ ನಮ್ಮ ಕ್ಲಾಸು ನೋಡಲು ಬಂದರು. ಬರುವಾಗಲೇ ಕಣ್ಣೀರು ಒರೆಸಲು ಸಿದ್ಧರಾಗಿ ಕೈಯಲ್ಲಿ ಟಿಶ್ಯೂ ಹಿಡಿದಿದ್ದರು. ವಿಜಯಪುರದ ತಾಂಡಾದಿಂದ ಬಂದ ಲಂಬಾಣಿ ಹೆಂಗಸಿನ ಪಕ್ಕ ಕುಳಿತು, "ಊರಿನದ್ದು ಎಲ್ಲಕ್ಕಿಂತ ಯಾವುದು ನೆನಪಾಗುತ್ತದೆ ನಿಮಗೆ?" ಎಂದರು.

ಅವಳು ಸೂಜಿ ನಿಲ್ಲಿಸಿ ಯೋಚಿಸಿದಳು. "ನಮ್ಮತ್ತಿ ಭಾಳ ನೆನಪಾಗ್ತಾಳ್ರಿ."

ಮೇಡಂ ಟಿಶ್ಯೂ ಎತ್ತಿಯೇ ಬಿಟ್ಟರು. "ಅಷ್ಟು ಪ್ರೀತಿಯಾ?"

"ಜಗಳಾಡಾಕ ಇಲ್ಲಿ ಯಾರದಾರ್ರಿ? ನಾ ಬೈದ್ರ ಇವರಿಗೆ ತಿಳಿಯಂಗಿಲ್ಲ, ಇವರು ಬೈದ್ರ ನನಗ ತಿಳಿಯಂಗಿಲ್ಲ. ನಮ್ಮತ್ತಿ ಆದ್ರ ಒಂದಂದ್ರ ಹತ್ತು ಅಂತಾಳ್ರಿ!"

ಮೇಡಂ ನಕ್ಕು ನಕ್ಕು ಕೊನೆಗೆ ಟಿಶ್ಯೂ ಉಪಯೋಗಕ್ಕೆ ಬಂತು. ಗೃಹಪ್ರವೇಶದ ದಿನ ಗೋಡೆಗೆ ತೂಗುಹಾಕಲು ಕನ್ನಡಿ ಚೂರು ಕೂರಿಸಿದ ದೊಡ್ಡದೊಂದು ಬಟ್ಟೆ ಬೇಕೆಂದು ಅವಳಿಗೇ ಹೇಳಿ ಹೋದರು. ನಮ್ಮ ಕ್ಲಾಸಿಗೆ ಬಂದ ಮೊದಲ ಆರ್ಡರು ಅದು.

ನೆಟ್ಟಗಿನ ಕನ್ನಡಿ

ಆ ವಿಜಯಪುರದವಳ ಗಂಡನಿಗೆ ಈ ಕಸೂತಿಯ ಮೇಲೆ ನಂಬಿಕೆ ಇಲ್ಲ. ಒಂದು ಭಾನುವಾರ ಜಗಲಿಗೇ ಬಂದು ನಿಂತ. "ಸೂಜಿ ಚುಚ್ಚಿದ್ರ ಹೊಟ್ಟಿ ತುಂಬತೈತೇನು? ಆ ಮಣಿಪಾಲದ ಬಾಯಾರು ಇದನ್ನ ಒಲ್ಲೆ ಅಂದ್ರ ಮುಗೀತು. ಆಮ್ಯಾಲ ಆಯ್ತಾರ ಆಯ್ತಾರ ನನ್ನ ಕೂಡ ಉಸುಕು ಹೊರಾಕ ಬಾ."

ಬಾಯಲ್ಲಿ ಇಷ್ಟು ಬೈಗುಳ ಇದ್ದರೂ ಕಣ್ಣೆಲ್ಲ ಬಟ್ಟೆಯ ಮೇಲೆ. ಒಂದು ಕನ್ನಡಿಯಲ್ಲಿ ಮೀಸೆ ತಿರುವಿದ, ಇನ್ನೊಂದರಲ್ಲಿ ಹಲ್ಲು ನೋಡಿಕೊಂಡ. ಮೂರನೆಯದರ ಹತ್ತಿರ ಬಗ್ಗಿ, "ಇದನ್ನ ಸೊಟ್ಟ ಹಚ್ಚೀ ನೋಡು. ಮಾರಿ ಸೊಟ್ಟ ಕಾಣಾಕತ್ತೈತಿ" ಎಂದ.

ಅವಳು ತಲೆ ಎತ್ತಲಿಲ್ಲ. "ಕನ್ನಡಿ ನೆಟ್ಟಗೈತಿ."

ನಾವೆಲ್ಲ ನಕ್ಕೆವು. ಅವನು ಹೋದ ಮೇಲೆ ಮಾತ್ರ ಅವಳ ಮುಖ ಬಾಡಿತು. "ವಾರಕ್ಕ ಇದೊಂದು ಮಧ್ಯಾಹ್ನ ನನ್ನದು ಟೀಚರ್ರೀ. ಇದೂ ಹೋತಂದ್ರ ನನಗೇನು ಉಳೀತೈತ್ರಿ?" ಎಂದಳು. ಆ ಬಟ್ಟೆ ಮಣಿಪಾಲದ ಗೋಡೆ ಹತ್ತಲೇಬೇಕು ಎಂದು ನಾನೂ ಹಟ ಹಿಡಿದೆ.

ಕಾವಲು

ಸಭಾಭವನದ ಬೀಗದ ಕೈ ಇರುವುದು ಪಕ್ಕದ ಮನೆಯ ಅಕ್ಕನ ಹತ್ತಿರ. ಒಣಮೀನಿನ ವ್ಯಾಪಾರ ಅವಳದ್ದು. ಮುಗಿದ ಬಟ್ಟೆಯನ್ನು ಜೋಪಾನವಾಗಿ ಇಟ್ಟುಕೊಳ್ಳಲು ಅವಳಿಗೇ ಕೊಟ್ಟಿದ್ದೆವು. ಗೃಹಪ್ರವೇಶದ ಹಿಂದಿನ ದಿನ ನಾನೂ ವಿಜಯಪುರದವಳೂ ತರಲು ಹೋದರೆ, ಅಯ್ಯೋ ದೇವರೇ! ಅಂಗಳದಲ್ಲಿ ಎರಡು ಕೋಲಿನ ನಡುವೆ ನಮ್ಮ ಕಸೂತಿ ಫಳಫಳ ಹೊಳೆಯುತ್ತಿದೆ, ಅದರ ಅಡಿಯಲ್ಲಿ ಚಾಪೆ ತುಂಬ ಬೂತಾಯಿ ಮೀನು ಒಣಗುತ್ತಿದೆ.

"ಎಂಥ ಬಟ್ಟೆ ಮಾರಾಯ್ರೆ ಇದು!" ಎಂದಳು ಅಕ್ಕ. "ಬಿಸಿಲು ಬಿದ್ದು ಮಿಂಚಿದರೆ ಕಾಗೆ ಈ ಕಡೆ ತಲೆ ಹಾಕಲಿಲ್ಲ. ವಾರದಿಂದ ಒಂದು ಮೀನೂ ಹೋಗಲಿಲ್ಲ!"

"ಅಕ್ಕಾ, ಅದು ನಾಳೆ ಗೃಹಪ್ರವೇಶಕ್ಕೆ!" ಎಂದು ಕಿರುಚಿದೆ.

"ಅದಕ್ಕೆ ಯಾಕೆ ಬೊಬ್ಬೆ? ಮೀನು ಒಣಗಿತು. ಇನ್ನು ಕೊಂಡು ಹೋಗಿ, ನಾನು ಬೇಡ ಅಂತೇನಾ?"

ಸೀಗೆಕಾಯಿ ಹಾಕಿ ತೊಳೆದೆವು, ಲಿಂಬೆ ಹಿಂಡಿದೆವು, ಊದುಬತ್ತಿ ಹಚ್ಚಿದೆವು, ಕೊನೆಗೆ ಮಲ್ಲಿಗೆಯ ಚೆಂಡಿನ ಜೊತೆ ಮಡಚಿ ಇಟ್ಟೆವು. ಬೆಳಿಗ್ಗೆ ಬಿಚ್ಚಿ ನೋಡಿದರೆ ಬೂತಾಯಿ ಮಲ್ಲಿಗೆ ಮುಡಿದು ಕೂತಿತ್ತು.

ಎಲೆಯಿಂದ ಏಳದ ಮಾವ

ನಾನು, ವಿಜಯಪುರದವಳು, ತಾನೂ ನೋಡಬೇಕೆಂದು ಹೊರಟ ಒಣಮೀನಿನ ಅಕ್ಕ, ಮೂವರೂ ಮಣಿಪಾಲಕ್ಕೆ ಹೋದೆವು. ಬಸ್ಸು ತುಂಬಿದ್ದರೂ ನಮ್ಮ ಹತ್ತಿರ ಮಾತ್ರ ಯಾರೂ ನಿಲ್ಲಲಿಲ್ಲ. ನಮ್ಮ ಪುಣ್ಯಕ್ಕೆ ಮೇಡಂಗೆ ಶೀತ, ಮೂಗು ಕಟ್ಟಿತ್ತು. "ಎಷ್ಟು ಚಂದ!" ಎಂದು ಊಟದ ಹಾಲಿನ ಗೋಡೆಗೇ ತೂಗುಹಾಕಿಸಿದರು. ವಿಜಯಪುರದವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತಳು.

ಮೀನು ತಿನ್ನುವ ಮನೆಯೇ. ಆದರೆ ಗೃಹಪ್ರವೇಶದ ದಿನ ಮೀನು ಉಂಟಾ? ಭಟ್ಟರ ಅಡಿಗೆ. ಫ್ಯಾನು ತಿರುಗಿದ್ದೇ ತಡ, ಎಲೆಯ ಮುಂದೆ ಕುಳಿತ ನೆಂಟರೆಲ್ಲ ಮೂಗು ಅರಳಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಸಾರು ಬಂತು, ಪಾಯಸ ಬಂತು, ಮಜ್ಜಿಗೆಯೂ ಬಂತು. ಊಟ ಮುಗಿದರೂ ಯಾರೊಬ್ಬರೂ ಏಳುವುದಿಲ್ಲ!

ಕೊನೆಗೆ ಮೇಡಂ ಅವರ ಮಾವನಿಗೆ ತಡೆಯಲಾಗಲಿಲ್ಲ. "ಎಲ್ಲ ಬಂತು, ಒಣಮೀನಿನ ಚಟ್ನಿ ಎಲ್ಲಿ? ಆಗಿನಿಂದ ಪರಿಮಳ ಬರುತ್ತಾ ಉಂಟು, ಬಡಿಸುವವರೇ ಇಲ್ಲ!"

ಏನಾದರೊಂದು ನೆವ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಅಕ್ಕ ಎದ್ದು ನಿಂತು, "ಅದು ನನ್ನ ಅಂಗಳದ ಬೂತಾಯಿ! ಈ ಬಟ್ಟೆಯೇ ವಾರವಿಡೀ ಕಾದದ್ದು" ಎಂದು ಇದ್ದದ್ದು ಇದ್ದ ಹಾಗೆ ಒದರಿಬಿಟ್ಟಳು.

ಮೇಡಂ ಕೆಂಪಗಾದರು. ವಿಜಯಪುರದವಳು ತನ್ನ ಭಾನುವಾರ ಮುಗಿಯಿತೆಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮಾವ ಎದ್ದರು. ಬಟ್ಟೆಗೆ ಮೂಗು ತಾಗಿಸಿ, ಕಣ್ಣು ಮುಚ್ಚಿ, ದೀರ್ಘವಾಗಿ ಒಂದು ಉಸಿರು ಎಳೆದರು. "ಬಿಪಿ ಎಂದು ಡಾಕ್ಟರು ಒಣಮೀನು ಬಿಡಿಸಿ ವರ್ಷಗಳೇ ಆದವು. ತಿನ್ನಬಾರದು ಎಂದಿದ್ದಾರೆ, ಮೂಸಬಾರದು ಎಂದು ಹೇಳಲಿಲ್ಲ. ಇದನ್ನು ಯಾರೂ ತೆಗೆಯಬೇಡಿ. ನನ್ನ ಕೋಣೆಗೂ ಇಂಥದ್ದೇ ಒಂದು ಬೇಕು."

ಅವರದೇ ಪ್ರಾಯದ ಇನ್ನಿಬ್ಬರು ನೆಂಟರೂ ಮೆಲ್ಲನೆ ಕೈ ಎತ್ತಿದರು. ಪಾಪ, ಅವರಿಗೂ ಬಿಪಿ.

"ಟೀಚರ್ರೀ, ಆಯ್ತಾರ ನನಗ ಉಳೀತ್ರಿ!" ಎಂದು ವಿಜಯಪುರದವಳು ನನ್ನನ್ನು ತಬ್ಬಿಕೊಂಡಳು. ನನಗೂ ಅಳು ಬಂತು. ಆಮೇಲೆ ಅವಳು ಮಾವನ ಕಡೆ ತಿರುಗಿ ಕೈ ಮುಗಿದು, "ಚಿಂತಿ ಮಾಡಬ್ಯಾಡ್ರಿ ಯಜಮಾನ್ರ, ಈ ಸಲ ವಾಸನಿ ಇಲ್ದಂಗ ಚಲೋ ತೊಳದು ತರ್ತೀನ್ರಿ" ಎಂದಳು.

ಮಾವ ಗಾಬರಿಯಾಗಿ ಕೂಗಿದರು: "ತೊಳೆದು ತಂದರೆ ನನಗೆ ಬೇಡವೇ ಬೇಡ!"