ಕಲೆಕ್ಟರ್ ಸಾಹೇಬರ ಹೈಜಂಪ್

ನನಗೆ ಇಂಗ್ಲಿಷಿನಲ್ಲಿ ‘ನೋ’ ಎನ್ನಲು ಬರುವುದಿಲ್ಲ. ಕನ್ನಡದಲ್ಲಿ ಧಾರಾಳವಾಗಿ ಬರುತ್ತದೆ. ಬಳೆಗಾರ ಬರಲಿ, ಚೀಟಿ ಹಾಕಿ ಎನ್ನುವವರು ಬರಲಿ, ಒಲ್ಲೆ ಎಂದರೆ ಒಲ್ಲೆ. ಆದರೆ ಎದುರಿಗಿರುವವರು ‘ವುಡ್ ಯು ಮೈಂಡ್’ ಎಂದು ಶುರು ಮಾಡಿದರೋ, ನನ್ನೊಳಗೆ ಇನ್ನೂ ಸಾಕ್ಸ್ ಏರಿಸಿಕೊಂಡು ನಿಂತಿರುವ ಕಾನ್ವೆಂಟ್ ಹುಡುಗಿ ಬೆನ್ನು ನೆಟ್ಟಗೆ ಮಾಡಿ ‘ನಾಟ್ ಅಟ್ ಆಲ್, ವಿತ್ ಪ್ಲೆಷರ್’ ಎಂದುಬಿಡುತ್ತಾಳೆ. ಏನು ಕೇಳುತ್ತಿದ್ದಾರೆ ಎಂಬುದು ಆಮೇಲೆ ತಿಳಿಯುತ್ತದೆ. ರಾಯಚೂರಿನ ನಮ್ಮ ಮನೆಗೆ ಸಮುದ್ರ ಬಂದದ್ದು ಹೀಗೆ.

ದೇವದುರ್ಗದಲ್ಲಿ ಡಾಕ್ಟರಾಗಿದ್ದ ನನ್ನ ಅಪ್ಪ ನನ್ನನ್ನು ಹಾಸ್ಟೆಲ್ಲಿಗೆ ಹಾಕಿ ಕಾನ್ವೆಂಟಿನಲ್ಲಿ ಓದಿಸಿದರು. ಕ್ರೋಶಾ, ಬ್ಯಾಡ್ಮಿಂಟನ್, ಟೇಬಲ್ ಮ್ಯಾನರ್ಸ್ ಎಲ್ಲ ಕಲಿಸಿ, ಕೊನೆಗೆ ಕೊಟ್ಟದ್ದು ರಾಯಚೂರಿನ ಅಕ್ಕಿ ಮಿಲ್ಲಿನ ಮನೆಗೆ. ಅಲ್ಲಿ ಟೇಬಲ್ಲೇ ಇರಲಿಲ್ಲ, ಇನ್ನು ಮ್ಯಾನರ್ಸ್ ಎಲ್ಲಿಡಲಿ? ಲಿಂಗಪೂಜೆಯಾಗದೆ ಯಾರೂ ಬಾಯಿಗೆ ನೀರು ಹಾಕದ ಮನೆ ಅದು. ಒಂದು ವರ್ಷ ಯಾರೋ ಕೊಟ್ಟ ಕ್ಯಾಲೆಂಡರಿನಲ್ಲಿ ಮೊಟ್ಟೆಯ ಚಿತ್ರ ಬಂದಿತ್ತೆಂದು ಆ ತಿಂಗಳು ಮುಗಿಯುವ ತನಕ ನಮ್ಮ ಅತ್ತೆ ಅದನ್ನು ಗೋಡೆಯ ಕಡೆ ಮುಖ ಮಾಡಿಸಿದ್ದರು. ನಾವು ಹುಣ್ಣಿಮೆ, ಅಮಾವಾಸ್ಯೆ ಎಲ್ಲ ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಂಡೆವು.

ಮಹಡಿಯ ಮೇಲೆ ಶೆಣೈ ಎಂಬುವರು ಬಾಡಿಗೆಗಿದ್ದರು. ಮಂಗಳೂರಿನ ಕಡೆಯವರು, ಶಕ್ತಿನಗರದ ಕರೆಂಟು ಸ್ಥಾವರದಲ್ಲಿ ಎಂಜಿನಿಯರ್. ಎಂಬತ್ತರ ದಶಕದ ನಡುವಿನ ಮಾತು. ಊರಿಗೆ ಹೋದಾಗಲೆಲ್ಲ ಆ ಮನುಷ್ಯ ರೈಲಿನಲ್ಲಿ ಕ್ಯಾನುಗಟ್ಟಲೆ ಸಮುದ್ರದ ನೀರು ಹೊತ್ತು ತರುತ್ತಿದ್ದರು. ದೊಡ್ಡದೊಂದು ಗಾಜಿನ ತೊಟ್ಟಿ, ತಳದಲ್ಲಿ ಮರಳು, ಕಲ್ಲು, ಅದರೊಳಗೆ ಬಂಡೆಯ ಸಂದಿಯಲ್ಲಿ ಹಿಡಿದ ಐದಾರು ಮೀನು. ಮೇಲೆ ಮುಚ್ಚಳವಿಲ್ಲ. ಶೆಣೈಯವರ ಹೆಂಡತಿ ಹೆರಿಗೆಗೆ ತವರಿಗೆ ಹೋದರು, ಇವರೂ ರಜೆ ಹಾಕಿ ಹೊರಟರು. ಹೊರಡುವಾಗ ಮೆಟ್ಟಿಲ ಮೇಲೆ ‘ವುಡ್ ಯು ಮೈಂಡ್, ಮೇಡಂ’ ಎಂದರು. ಮುಂದಿನದು ನಿಮಗೆ ಗೊತ್ತೇ ಇದೆ.

ಮಿಲ್ಲಿನ ನಾಲ್ಕು ಆಳುಗಳು ತೊಟ್ಟಿಯನ್ನು ಇಳಿಸಿ ನಡುಮನೆಯಲ್ಲಿಟ್ಟರು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಗ್ಗಿ ನೋಡಿದರು.

“ಇದು ಉಪ್ಪಿನ ನೀರಂತ? ಜೀವ ಇಟ್ಟಾರೋ, ಉಪ್ಪಿನಕಾಯಿ ಹಾಕ್ಯಾರೋ?”

ಅಷ್ಟರಲ್ಲಿ ಎದುರುಮನೆಯ ಬಸಮ್ಮ ಬಾಗಿಲಿಗೆ ಬಂದೇಬಿಟ್ಟಳು. “ಯಕ್ಕಾರ, ನಿಮ್ಮ ಮನ್ಯಾಗ ಮೀನ ಬಂದಾವಂತಲ್ರಿ?”

“ಬಂದಾವ ಬೇ. ಉಣ್ಣಾಕಲ್ಲ, ಉಣಸಾಕ. ಬೀಗರು ಬಂದಂಗ ಬಂದಾವ,” ಎಂದು ಅತ್ತೆ ಅವಳ ಬಾಯಿ ಮುಚ್ಚಿಸಿ, ನನ್ನ ಕಡೆ ತಿರುಗಿದರು. “ಶಶಿ, ಒಂದು ಮಾತು ಹೇಳ್ತೀನಿ ಕೇಳು. ಈ ಮನ್ಯಾಗ ಇವತ್ತಿನತನಾ ಒಂದು ಜೀವ ನಮ್ಮ ಕೈಲಿ ಹೋಗಿಲ್ಲ. ಇದರಾಗ ಒಂದು ಸತ್ತರೂ ನಾ ಮಲ್ಲಟಕ್ಕ ಹೋಗಾಕಿ, ನನ್ನ ತಮ್ಮನ ಮನಿಗೆ. ನೀನು, ನಿನ್ನ ಮೀನು ಆರಾಮ ಇರ್ರಿ.”

ಇದು ಬರೀ ಬೆದರಿಕೆಯಲ್ಲ. ಮಲ್ಲಟದ ದಾರಿಯ ಮಾನ್ವಿ ಬಸ್ಸಿನ ಟೈಮು ಅವರಿಗೆ ಬಾಯಿಪಾಠವಿತ್ತು. ಅವರು ಹೋದರೆ ಬೆಳಗ್ಗೆ ಇಡೀ ಮನೆಗೆ, ಮಿಲ್ಲಿನ ಆಳುಗಳಿಗೆ ಜೋಳದ ರೊಟ್ಟಿ ಬಡಿಯುವವರು ಯಾರು? ನನಗೆ ಬರುತ್ತಿದ್ದದ್ದು ಕಟ್ಲೆಟ್. ಸುಗ್ಗಿಯ ಕಾಲದಲ್ಲಿ ಹಮಾಲರ ಮುಂದೆ ಕಟ್ಲೆಟ್ ಇಟ್ಟು ನೋಡಿ, ಮಿಲ್ಲು ಆವತ್ತೇ ನಿಲ್ಲುತ್ತದೆ.

ಮೀನುಗಳಲ್ಲಿ ಪಟ್ಟೆಪಟ್ಟೆಯವು ಸಾಧು. ಒಂದು ಮಾತ್ರ ಬೆರಳುದ್ದ, ಹಸಿರು ಬಣ್ಣ. ಮೂಲೆ ಮೂಲೆಗೆ ಹೋಗಿ ಇಣುಕುವುದು, ಕಲ್ಲನ್ನು ಮೂಸುವುದು, ಎಲ್ಲರನ್ನೂ ಬದಿಗೆ ಸರಿಸಿ ಗತ್ತಿನಿಂದ ತಿರುಗುವುದು. “ಕಲೆಕ್ಟರ್ ಟೂರಿಗೆ ಬಂದಂಗ ಅದ ನೋಡು,” ಎಂದು ಅತ್ತೆ ಹೆಸರಿಟ್ಟರು. ಎರಡನೆಯ ದಿನ ಬೆಳಗ್ಗೆ ನಾನು ಕಾಫಿ ಕುಡಿಯುತ್ತಿದ್ದಾಗ ಪಟಕ್ಕೆಂದು ಸದ್ದಾಯಿತು. ಕಲೆಕ್ಟರು ಶಹಾಬಾದ್ ಕಲ್ಲಿನ ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದರು.

ಈಗ ಹೇಳಿ, ಹುಟ್ಟಿದಾಗಿನಿಂದ ಮೀನು ಮುಟ್ಟದ ಮೂವರು ಒಂದು ಮೀನಿನ ಸುತ್ತ ನಿಂತರೆ ಏನಾಗುತ್ತದೆ? ಪ್ರದಕ್ಷಿಣೆಯಾಗುತ್ತದೆ. ನಮ್ಮ ಯಜಮಾನರು ಓಡಿ ಹೋಗಿ ರೊಟ್ಟಿ ತಿರುವುವ ಸಟ್ಟುಗ ತಂದರು. “ಲೇ, ಅದು ಅಡಿಗಿ ಮನೀದು! ಇಡು ಅಲ್ಲೇ!” ಎಂದು ಅತ್ತೆ ಚೀರಿದರು. ಅವರು ಸಟ್ಟುಗ ಇಟ್ಟು ಮೊರ ತಂದರು. “ಅದರಾಗ ಅಕ್ಕಿ ಕೇರಬೇಕೋ ಬ್ಯಾಡೋ?” ನಮ್ಮ ಮನೆಯಲ್ಲಿ ಅನ್ನಕ್ಕೆ ಸಂಬಂಧವಿಲ್ಲದ ವಸ್ತು ಒಂದೂ ಇಲ್ಲವೆಂದು ನನಗೆ ಆವತ್ತು ತಿಳಿಯಿತು. ಕಡೆಗೆ ಗೋಡೆಗೆ ತೂಗುಬಿದ್ದಿದ್ದ ನನ್ನ ಬ್ಯಾಡ್ಮಿಂಟನ್ ರ್‍ಯಾಕೆಟ್ಟಿನಿಂದ ಕಲೆಕ್ಟರರನ್ನು ಎತ್ತಿ ನೀರಿಗೆ ಬಿಟ್ಟೆ. ಸ್ಕೂಲಿನಲ್ಲಿ ಒಂದು ಕಪ್ಪೂ ಗೆಲ್ಲದವಳ ಅತ್ಯುತ್ತಮ ಸರ್ವಿಸ್ ಅದು.

ಅಲ್ಲಿಂದ ಶುರುವಾಯಿತು ಮುಚ್ಚಳದ ಚಿಂತೆ. ಮೊದಲು ಒಂದು ಗಾಜಿನ ಹಾಳೆ ಮುಚ್ಚಿದೆ. ರಾಯಚೂರಿನ ಏಪ್ರಿಲ್ಲು ಅದು. ಮಧ್ಯಾಹ್ನಕ್ಕೆ ನೀರಿಗೆ ಬೆರಳಿಟ್ಟರೆ ಚಹದ ಪುಡಿಯೊಂದೇ ಕಡಿಮೆ. ಮೀನುಗಳು ಬಾಯಿ ಮೇಲೆತ್ತಿ ನಿಂತಿದ್ದವು. ಅತ್ತೆ ಗಾಜು ಕಿತ್ತೆಸೆದು, ತಂಬಿಗೆಯಲ್ಲಿ ನೀರೆತ್ತಿ ಮೇಲಿನಿಂದ ಸುರಿದು, ಮತ್ತೆ ಎತ್ತಿ ಮತ್ತೆ ಸುರಿದು, ಮಗುವಿನ ಹಾಲು ಆರಿಸಿದಂತೆ ಆರಿಸಿದರು. ಆ ತಂಬಿಗೆ ಅಡಿಗೆ ಮನೆಯದೇ.

ಆಮೇಲೆ ಯಜಮಾನರು ಮಿಲ್ಲಿನಿಂದ ಅಕ್ಕಿ ಜರಡಿಯ ತಂತಿ ಬಲೆ ಕತ್ತರಿಸಿ ತಂದರು. “ಗಾಳಿ ಆಡ್ತದ, ಮೀನ ಹೋಗಂಗಿಲ್ಲ. ಫಸ್ಟ್ ಕ್ಲಾಸ್,” ಎಂದು ಮೀಸೆ ತಿರುವಿದರು. ಉಪ್ಪುನೀರಿನ ಹಬೆಗೆ ಅದು ನಾಲ್ಕೇ ದಿನಕ್ಕೆ ತುಕ್ಕು ಹಿಡಿದು ಕೆಂಪಗೆ ಸುರಿಯತೊಡಗಿತು. ಮೂರನೆಯದು ನನ್ನ ಐಡಿಯಾ: ಸೊಳ್ಳೆ ಪರದೆ. ಯಜಮಾನರ ಪರದೆಯನ್ನೇ ಒಂದು ಬದಿಯಿಂದ ಕತ್ತರಿಸಿ, ಕಾನ್ವೆಂಟಿನ ಹೆಮ್ಮಿಂಗ್ ಹಾಕಿ, ತೊಟ್ಟಿಯ ಸುತ್ತ ಲಾಡಿಯಿಂದ ಬಿಗಿದೆ. ಎಷ್ಟು ಎಲಿಗಂಟಾಗಿ ಕಾಣುತ್ತಿತ್ತೆಂದರೆ ನಾನೇ ದೂರ ನಿಂತು ನೋಡಿದೆ. ಕಲೆಕ್ಟರು ಜಿಗಿದರು. ಪರದೆ ಜೋಲಿಯಂತೆ ಬಾಗಿ ಅವರನ್ನು ಹಿಡಿದುಕೊಂಡಿತು; ಕೆಳಗೆ ನೀರು, ಮೇಲೆ ತೊಟ್ಟಿಲಲ್ಲಿ ಕಲೆಕ್ಟರು. ಅತ್ತೆ ಪರದೆಯನ್ನು ಅಡಿಯಿಂದ ತಟ್ಟಿ ಕೆಳಗಿಳಿಸಿದರು. ಅತ್ತ ಪರದೆಯಿಲ್ಲದ ಯಜಮಾನರು ಬೆಳಗ್ಗೆ ಮೈಯೆಲ್ಲ ಗುಳ್ಳೆಯೆದ್ದು, “ಮೀನು ಬದುಕಿದ್ರ ಸಾಕಲ್ಲ, ನಾ ಇದ್ದರೇನು ಹೋದರೇನು!” ಎಂದು ಕೆರೆದುಕೊಳ್ಳುತ್ತಾ ಮಿಲ್ಲಿಗೆ ಹೋದರು.

ತೊಟ್ಟಿ ಬಂದಾಗಿನಿಂದ ನಾನು ಒಂದು ಕೆಲಸವನ್ನು ತಪ್ಪದೆ ಮಾಡುತ್ತಿದ್ದೆ. ಸೆಕೆಗೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ, ಆದ್ದರಿಂದ ಸಿಹಿನೀರು ಸೇರಿಸಬೇಕು ಎಂದು ನಮ್ಮ ಸೈನ್ಸ್ ಸಿಸ್ಟರ್ ಕಲಿಸಿದ್ದು ನೆನಪಿತ್ತು. ದಿನಾ ಬೆಳಗ್ಗೆ ತೊಟ್ಟಿಯನ್ನು ಅಂಚಿನ ತನಕ ತುಂಬುತ್ತಿದ್ದೆ. ಸೈನ್ಸ್ ಒಂದೇ ಅಲ್ಲ. ಮದುವೆಯಾಗಿ ಬಂದ ದಿನವೇ ಅತ್ತೆ ಹೇಳಿದ್ದರು: ಮುಂಜಾನೆ ಮನೆಯಲ್ಲಿ ಕೊಡವಾಗಲಿ, ಹಂಡೆಯಾಗಲಿ, ಬಾನಿಯಾಗಲಿ ಅರೆಬರೆ ಇರಬಾರದು, ತುಳುಕುವಂತಿರಬೇಕು. ಅದನ್ನೊಂದನ್ನಾದರೂ ಚೆನ್ನಾಗಿ ಕಲಿತಿದ್ದೇನೆಂದು ತೋರಿಸಲು ಸಮುದ್ರವನ್ನೂ ತುಳುಕಿಸುತ್ತಿದ್ದೆ.

ಒಂದು ವಾರ ನಳದಲ್ಲಿ ನೀರು ಬರಲಿಲ್ಲ. ದೂರದಿಂದ ತಂದ ಕೊಡದ ನೀರು ಕುಡಿಯಲಿಕ್ಕೇ ಸಾಲದು. ತೊಟ್ಟಿಯಲ್ಲಿ ನೀರು ಗೇಣಿನಷ್ಟು ಇಳಿಯಿತು. ಕಲೆಕ್ಟರು ಜಿಗಿಯುವುದು ನಿಂತೇಹೋಯಿತು. ನನಗೆ ಗಾಬರಿ. “ಅತ್ತೀ, ಅದಕ್ಕ ಡಿಪ್ರೆಶನ್ ಆಗೇದ,” ಎಂದೆ. ಅತ್ತೆ ಅದರ ಮುಂದೆ ಮಣೆ ಹಾಕಿಕೊಂಡು ಕುಳಿತು, ಹತ್ತಿ ಬತ್ತಿ ಹೊಸೆಯುತ್ತಾ ಇಡೀ ಮಧ್ಯಾಹ್ನ ನೋಡಿದರು. ನೀರು ಬಂದ ದಿನ ನಾನು ಕೊಡ ಎತ್ತಿಕೊಂಡು ಹೋದರೆ ಅಡ್ಡ ಕೈ ಹಿಡಿದರು.

“ತುಂಬಬ್ಯಾಡ.”

“ಅರ್ಧಮರ್ಧ ಇರಬಾರದಂತ ನೀವೇ ಹೇಳಿದ್ರಲ್ರೀ ಅತ್ತೀ?”

“ಅವಕ್ಕೂ ತಿಳೀತದ. ನೀರು ತುಂಬಿ ಕಟ್ಟಿ ಕೈಗೆ ಸಿಕ್ಕರ ಯಾರು ಸುಮ್ಮನ ಕೂಡ್ತಾರ? ಈಗ ಕಟ್ಟಿ ಎತ್ತರ ಆಗೇದ, ಅದಕ್ಕ ಸುಮ್ಮನ ಐತಿ. ಡಿಪ್ರೆಶನ್ನೂ ಇಲ್ಲ ಗಿಪ್ರೆಶನ್ನೂ ಇಲ್ಲ.”

ಹೇಳಿದರೇನೋ ಸರಿ, ಆದರೆ ಅರೆ ತುಂಬಿದ ತೊಟ್ಟಿಯನ್ನು ನೋಡಿ ಅವರಿಗೇ ಕಸಿವಿಸಿ. ಎರಡು ಸಲ ಎದ್ದರು, ಎರಡು ಸಲ ಕುಳಿತರು. ಒಂದು ಕಡೆ ಮನೆಯ ಶುಭ, ಇನ್ನೊಂದು ಕಡೆ ಕಲೆಕ್ಟರರ ಪ್ರಾಣ. ಕೊನೆಗೆ ದೇವರ ಮನೆಗೆ ಹೋಗಿ ವಿಭೂತಿ, ಕುಂಕುಮ ತಂದು ಗಾಜಿನ ಮೇಲೆ ಮೂರು ಪಟ್ಟೆ ಎಳೆದು ಬೊಟ್ಟಿಟ್ಟರು. ಒಂದು ಹೂವನ್ನೂ ಇಟ್ಟರು.

“ಇನ್ನ ಇದು ಕೊಡ ಅಲ್ಲ, ಬಾವಿ. ಗಂಗವ್ವನ ಪೂಜಿ ಆತು. ಬಾವೀನ ಯಾರರ ಅಂಚಿನತನಾ ತುಂಬ್ಯಾರೇನು?”

ಎಷ್ಟು ದೊಡ್ಡ ವಕೀಲರಿಗೂ ಇಂಥ ಪಾಯಿಂಟ್ ಹೊಳೆಯುತ್ತಿರಲಿಲ್ಲ. ಆವತ್ತಿನಿಂದ ಬಾವಿಯ ಮಟ್ಟ ಗೇಣು ಕೆಳಗೇ ಉಳಿಯಿತು. ಪರದೆ ಯಜಮಾನರಿಗೆ ತೇಪೆಯೊಂದಿಗೆ ವಾಪಸ್ಸಾಯಿತು. ಸಂಜೆಯಾದರೆ ಬಸಮ್ಮ ಮತ್ತು ಅತ್ತೆ ತೊಟ್ಟಿಯ ಮುಂದೆ ಕಾಲು ಚಾಚಿ ಕುಳಿತು, “ಆ ಪಟ್ಟೀದು ಇವತ್ತ ಸಿಟ್ಟಾಗೇದ,” “ಇಲ್ಲ ಬೇ, ಅದರ ಸ್ವಭಾವಾನ ಹಂಗ,” ಎಂದು ಸಂಸಾರದ ಮಾತಾಡುತ್ತಿದ್ದರು. ಮಲ್ಲಟದ ತಮ್ಮನೇ ಅಕ್ಕನನ್ನು ಕರೆಯಲು ಬಂದರೆ, “ಈಗೆಲ್ಲಿ ಬರಲೋ, ಬೀಗರದಾರ ಮನ್ಯಾಗ,” ಎಂದು ಕಳಿಸಿಬಿಟ್ಟರು. ಆ ಬೇಸಿಗೆಯಷ್ಟು ನಗು ಆ ನಡುಮನೆ ಮತ್ತೆ ಕೇಳಿತೋ ಇಲ್ಲವೋ.

ಶೆಣೈಯವರು ಹೆಣ್ಣುಮಗುವಿನ ಸುದ್ದಿ, ಒಂದು ಡಬ್ಬಿ ಬಾದುಷಾ ಹಿಡಿದು ಬಂದರು. ನೇರ ತೊಟ್ಟಿಯ ಬಳಿ ಹೋಗಿ ಎಣಿಸಿದರು. ಒಂದೂ ಕಡಿಮೆಯಾಗಿರಲಿಲ್ಲ. ನಾನು ನಿಟ್ಟುಸಿರು ಬಿಟ್ಟು, ಈ ಮನೆಯಲ್ಲಿ ಯಾರಿಂದ ಏನೇನಾಯಿತೆಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರು ಗಾಜಿನ ಮೇಲೆ ಬೆರಳಿಟ್ಟು ನೀರಿನ ಮಟ್ಟ ಅಳೆದು, ಮುಖವರಳಿಸಿಕೊಂಡು ಅತ್ತೆಯ ಕಡೆ ತಿರುಗಿದರು.

“ನಿಮ್ಮ ಸೊಸೆ ಭಾರಿ ಹುಷಾರು ಅಮ್ಮ. ಹೊರಡುವಾಗ ನಾನು ಇವರಿಗೆ ಇಂಗ್ಲಿಷಲ್ಲಿ ಮೂರು ಸಲ ಹೇಳಿದ್ದೆ, ನೀರು ಒಂದು ಗೇಣು ಕಡಿಮೆ ಇಡಿ, ತುಂಬಿಸಿದರೆ ಹಸಿರು ಮೀನು ಹಾರುತ್ತದೆ ಅಂತ. ಕರೆಕ್ಟಾಗಿ ಹಾಗೇ ಇಟ್ಟಿದ್ದಾರೆ ನೋಡಿ!”

ಯಜಮಾನರು ತೋಳಿನ ಮೇಲಿನ ಹಳೆಯ ಗುಳ್ಳೆಯನ್ನು ನಿಧಾನವಾಗಿ ಕೆರೆದುಕೊಂಡರು. ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ನೋಡಿ, ಬಾದುಷಾ ಡಬ್ಬಿ ತೆರೆದು, ಮೊದಲನೆಯದನ್ನು ನನ್ನ ಕೈಗೇ ಕೊಟ್ಟು ಮೆಲ್ಲಗೆ ಅಂದರು:

“ತಗೋಳವ್ವ, ಬಾಯಿಗಿಡು. ಬಾಯಿ ತುಂಬಿದ್ದಷ್ಟು ಹೊತ್ತು ನೀ ಯಾರಿಗೂ ಇಂಗ್ಲಿಷಿನ್ಯಾಗ ಏನೂ ಒಪ್ಪಿಕೊಳ್ಳಂಗಿಲ್ಲ.”