ಎಕ್ಕದ ಗಿಡಕ್ಕೆ ಉಪಚಾರ

ಬಡಿಸಿ ಬಡಿಸಿ ಅಭ್ಯಾಸವಾದ ಕೈಗೆ ‘ಸಾಕು’ ಎಂಬ ಮಾತು ಬೇಗ ಕೇಳಿಸುವುದಿಲ್ಲ. ಇದು ನನ್ನ ದೋಷವಲ್ಲ, ಕಸುಬಿನ ಗುಣ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದವನು ನಾನು. ಟೇಬಲ್ ಒರೆಸುವಲ್ಲಿಂದ ಶುರುಮಾಡಿ ಅಣ್ಣಾ ನಗರದ ಒಂದು ಹೋಟೆಲಿನ ಅಡುಗೆಮನೆ ಪೂರ್ತಿ ನನ್ನ ಕೈಗೆ ಬಂತು. ಮದ್ರಾಸು ಹೋಗಿ ಚೆನ್ನೈ ಆಯಿತು, ನನ್ನ ಸಾಂಬಾರಿನ ಹದ ಮಾತ್ರ ಕದಲಲಿಲ್ಲ. ಇಂಥ ಹೆಮ್ಮೆಯವನನ್ನು ಸೋಲಿಸಲು ಒಂದು ಎಕ್ಕದ ಗಿಡ ಬೇಕಾಯಿತು ನೋಡಿ.

ರಥಸಪ್ತಮಿಯ ಬೆಳಿಗ್ಗೆ ತಲೆ, ಭುಜಗಳ ಮೇಲೆ ಏಳು ಎಕ್ಕದ ಎಲೆ ಇಟ್ಟುಕೊಂಡು ಮೀಯುವುದು ನಮ್ಮಲ್ಲಿ ವಾಡಿಕೆ. ಊರಿನಲ್ಲಾದರೆ ಬೇಲಿಗೆ ಕೈಹಾಕಿದರೆ ಎಲೆ. ಇಲ್ಲಿ ನನ್ನ ಹೆಂಡತಿ ಜಲಜ ವರ್ಷವೂ ನಮ್ಮ ಬೀದಿಯ ಹೂವಿನಮ್ಮನಿಂದ ಬಾಡಿದ ಎಲೆ ತಂದು ಮುಖ ಸಣ್ಣ ಮಾಡುತ್ತಿದ್ದಳು. “ಊರಿನ್ ಎಲೆ ಮುರಿದ್ರೆ ಹಾಲ್ ಸೋರತ್ತ್. ಇದ್ರಲ್ಲಿ ಎಂತ ಇತ್ತ್?” ಎನ್ನುವಳು. ನನಗೆ ತಡೆಯಲಿಲ್ಲ. ಮುಂದಿನ ರಥಸಪ್ತಮಿಗೆ ನಮ್ಮ ಗಿಡದ್ದೇ ಎಲೆ ಎಂದು ಮಾತು ಕೊಟ್ಟುಬಿಟ್ಟೆ.

ಹೋಟೆಲಿನ ಖಾಲಿ ಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿ, ಎಕ್ಕದ ಕಡ್ಡಿ ಹಿಡಿದು ಬರುವಾಗ ಹೂವಿನಮ್ಮ ನೋಡಿದಳು. “ಇನ್ನಾ ಸಾರ್, ಎರುಕ್ಕಞ್ಚೆಡಿಕ್ಕು ತೊಟ್ಟಿಯಾ?” ಎಂದಳು. ಪಾಳು ಜಾಗದಲ್ಲಿ ತಾನಾಗಿ ಬೆಳೆಯುವ ಎಕ್ಕಕ್ಕೂ ಕುಂಡವೇ ಎಂದು ನಗು. ನಾನು ಡಬ್ಬ ಹೊತ್ತು ಮೆಟ್ಟಿಲು ಹತ್ತಿದೆ. ತಾರಸಿಯಲ್ಲಿಟ್ಟು ಬೆಳಿಗ್ಗೆ ಅಕ್ಕಿ ತೊಳೆದ ನೀರು, ಮಧ್ಯಾಹ್ನ ನೀರುಮಜ್ಜಿಗೆ, ಸಂಜೆ ಬೇಳೆ ತೊಳೆದ ನೀರು ಬಡಿಸಿದೆ. ಬಿಸಿಲಿಗೆ ಬಾಡೀತೆಂದು ಜಲಜಳ ಹಳೆಯ ಸೀರೆ ಕಟ್ಟಿ ನೆರಳು ಮಾಡಿದೆ. ಗಿಡ ಹಳದಿಗೆ ತಿರುಗಿತು.

“ಹ್ವಾಯ್, ಅದ್ ಎಕ್ಕದ್ ಗಿಡ ಮಾರಾಯ್ರೆ, ಮದಿಗೆ ಬಂದ್ ಬೀಗ್ರಲ್ಲ. ಚೂರ್ ಬಿಸ್ಲಿಗ್ ಬಿಡಿ” ಎಂದಳು ಜಲಜ.

ಸಿಟ್ಟಿನಿಂದ ಸೀರೆ ಬಿಚ್ಚಿ ಎಸೆದು, ಆ ಕಡೆ ಹೋಗುವುದನ್ನೇ ಬಿಟ್ಟೆ. ಅದು ಆ ಅವಮಾನಕ್ಕೇ ಕಾದಿತ್ತೋ ಏನೋ, ಅಂಗೈಯಗಲದ ಎಲೆ ಬಿಟ್ಟು ದಪ್ಪಗೆ ಬೆಳೆಯಿತು.

ಹಬ್ಬಕ್ಕೆ ಕೆಲವೇ ದಿನ ಇರುವಾಗ ಮಗಳು ಸುಮಾ ನನ್ನನ್ನು ತಾರಸಿಗೆ ಎಳೆದೊಯ್ದಳು. ಎಲೆಗಳ ಮೇಲೆಲ್ಲ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುಗಳು. ಚಿಟ್ಟೆಯ ಮರಿಗಳು ಎಂದಳು. ಕಡ್ಡಿ ತೆಗೆದುಕೊಂಡು ಝಾಡಿಸಲು ಹೋದೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಸುಮಾ ನನ್ನ ಕೈ ಹಿಡಿದು, “ವೇಣಾಂ ಪಾ. ಸಾಪ್ಪಿಡುದು ಪಾ” ಎಂದಳು.

ಬೇಡಪ್ಪ, ತಿನ್ನುತ್ತಿದೆ ಎಂದ ಮೇಲೆ ನಾನೇನು ಮಾಡಲಿ? ಬಾಗಿಲು ಅರ್ಧ ಎಳೆದ ಮೇಲೂ ಉಣ್ಣುತ್ತಿದ್ದ ಗಿರಾಕಿಯನ್ನು ನಾನು ಎಬ್ಬಿಸಿದವನಲ್ಲ. ಅವು ತಿನ್ನುವ ಚಂದವಾದರೂ ಎಂಥದು! ಅಂಚಿನಿಂದ ಸಾಲಾಗಿ, ತಲೆ ಎತ್ತದೆ, ಏನೂ ಚೆಲ್ಲದೆ. ಉಪ್ಪು ಕಡಿಮೆ ಎಂಬ ದೂರಿಲ್ಲ. “ತಿಂದು ಹೋಗುತ್ತವೆ ಬಿಡು” ಎಂದೆ. ಅವು ತಿಂದವು, ಹೋಗಲಿಲ್ಲ. ಹಬ್ಬದ ಮುನ್ನಾದಿನಕ್ಕೆ ಗಿಡದಲ್ಲಿ ಬರೀ ದಂಟು ಉಳಿಯಿತು.

ಜಲಜ ಮೇಲೆ ಬಂದು ನೋಡಿದಳು. ನಾನು ನೀರಿನ ಟ್ಯಾಂಕ್ ನೋಡುತ್ತ ನಿಂತೆ. “ನಿಮ್ ಗಿರಾಕಿಗಳದ್ ಊಟ ಆಯ್ತಾ?” ಎಂದಷ್ಟೇ ಕೇಳಿ ಇಳಿದುಹೋದಳು. ಹೂವಿನಮ್ಮನಿಂದ ಮೂವರಿಗೂ ಎಲೆ ತಂದಳು.

ಮರುದಿನ ಬೆಳಿಗ್ಗೆ ಪಂಚೆ ಸುತ್ತಿ ಎಲೆ ಕೈಗೆ ತೆಗೆದುಕೊಂಡಿದ್ದೆ. ತಾರಸಿಯಿಂದ ಓಡಿಬಂದ ಸುಮಾ, ಎರಡು ಹುಳು ಇನ್ನೂ ಇವೆ, ಎಲೆ ಸಿಗದೆ ದಂಟು ಕಡಿಯುತ್ತಿವೆ ಎಂದಳು. ನಾನು ಹಾಗೆಯೇ ಮೆಟ್ಟಿಲು ಹತ್ತಿ, ನನ್ನ ಪಾಲಿನ ಏಳೆಲೆಗಳನ್ನೂ ಬಾಳೆನಾರಿನಿಂದ ಆ ದಂಟಿಗೆ ಕಟ್ಟಿದೆ.

“ಎಲೆ ಇಲ್ದೆ ಮಿಂದ್ರೆ ಏಳ್ ಜನ್ಮದ್ ಪಾಪ ಹೋತಿಲ್ಲ, ಗೊತ್ತಿತ್ತಾ?” ಕೆಳಗಿನಿಂದ ಜಲಜಳ ಧ್ವನಿ. ಅದರಲ್ಲಿ ಸಿಟ್ಟಿಗಿಂತ ನಗುವೇ ಹೆಚ್ಚಿತ್ತು.

ಒಂದು ಹುಳು ಮೊದಲ ಎಲೆಯ ಅಂಚಿಗೆ ಬಾಯಿ ಹಾಕಿತು. ನನ್ನ ಪಾಪ ತೊಳೆಯಬೇಕಿದ್ದ ಎಲೆಗಳು ಸಂಜೆಯೊಳಗೆ ಅರ್ಧವಾದವು; ಪಾಪ ಹಾಗೆಯೇ ಇದೆ. ಮರುದಿನ ಹೋಟೆಲಿಗೆ ಹೊರಟವನು ಹೂವಿನಮ್ಮನ ಬುಟ್ಟಿಯ ಮುಂದೆ ನಿಂತು, ಮುಖ ಬೇರೆ ಕಡೆ ತಿರುಗಿಸಿ, ಹಬ್ಬದ ಎಲೆ ಏನಾದರೂ ಉಳಿದಿದೆಯೇ ಎಂದು ಮೆಲ್ಲಗೆ ಕೇಳಿದೆ.