ಇಟ್ಟಿಗೆ ಮಾವನ ಕಂಪನಿ ಚರಿತ್ರೆ

ಕೋಲ್ಕತ್ತಾ ಮಹಾನಗರ ನಿಂತಿರುವುದು ನಮ್ಮ ಸೋದರಮಾವನ ಮೇಲೆ. ಇದು ನನ್ನ ಮಾತಲ್ಲ, ಅವರದೇ. ಅವರು ಒಂದು ದಿನ ಹುಷಾರಿಲ್ಲವೆಂದು ಮಲಗಿಬಿಟ್ಟರೆ ಕಸ್ಬಾದ ಅರ್ಧ ಅಪಾರ್ಟ್‌ಮೆಂಟುಗಳು ಒಂದು ಪಕ್ಕಕ್ಕೆ ವಾಲುತ್ತವಂತೆ. ಹಾಗಾಗಿ ಪಾಪ, ಜ್ವರ ಬಂದರೂ ಅವರು ಕೂತೇ ಇರುತ್ತಾರೆ!

ದಕ್ಷಿಣೇಶ್ವರ ದಾಟಿ ಇನ್ನೂ ಮೇಲಕ್ಕೆ ಹೋದರೆ ಗಂಗೆಯ ದಡದಲ್ಲಿ ಅವರ ಇಟ್ಟಿಗೆ ಕಂಪನಿ. ಉಬ್ಬರದ ನೀರನ್ನು ಹೊಂಡಗಳಿಗೆ ಬಿಟ್ಟುಕೊಂಡು, ನೀರು ಇಳಿದ ಮೇಲೆ ಉಳಿಯುವ ಮೆಕ್ಕಲು ಮಣ್ಣನ್ನು ಅಗೆದು, ಅಚ್ಚಿಗೆ ಹಾಕಿ, ಒಣಗಿಸಿ, ಗೂಡಿನಲ್ಲಿ ಸುಡುತ್ತಾರೆ. ಮಂಗಳೂರಿನಿಂದ ಬಂದ ಮುತ್ತಜ್ಜ ಶುರು ಮಾಡಿದ್ದು, ಅಜ್ಜ ನಡೆಸಿದ್ದು, ಈಗ ಮಾವನದು. ಇಷ್ಟು ಮಾತ್ರ ಖಚಿತ. ಉಳಿದದ್ದೆಲ್ಲ ಮಾವ ಹೇಳಿದ್ದು.

ನಾನು ಕಸ್ಬಾದಲ್ಲಿ ಫ್ಲ್ಯಾಟ್ ಕೊಂಡಾಗ ಮಾವ ಗೃಹಪ್ರವೇಶಕ್ಕೆ ಬಂದರು. ಎಲ್ಲರೂ ದೇವರಿಗೆ ಕೈಮುಗಿಯುತ್ತಿದ್ದರೆ ಇವರು ಗೋಡೆಗೆ ಕಿವಿಯಿಟ್ಟು, ಡಾಕ್ಟರು ಎದೆ ತಟ್ಟಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎನ್ನಿಸುತ್ತಾ ಹೋದರು. ತಮ್ಮ ಬಾಗಿಲನ್ನು ಯಾರೋ ತಟ್ಟುತ್ತಿದ್ದಾರೆಂದು ತಿಳಿದು ಪಕ್ಕದ ಮನೆಯ ಸಜ್ಜನರು ಬಾಗಿಲು ತೆರೆದು ನಮ್ಮಲ್ಲಿಗೇ ಬಂದು ವಿಚಾರಿಸಿದರು. ಮಾವ ಶುದ್ಧ ಬಂಗಾಳಿಯಲ್ಲಿ, "ದಾದಾ, ನಿಮ್ಮ ಗೋಡೆಗೆ ಕಫ ಕಟ್ಟಿದೆ" ಎಂದರು. ಆ ಸಜ್ಜನರು ಇವತ್ತಿಗೂ ಲಿಫ್ಟಿನಲ್ಲಿ ನಾನಿದ್ದರೆ ಮೆಟ್ಟಿಲು ಹತ್ತುತ್ತಾರೆ.

ನನ್ನ ಮದುವೆಗೆ ಅವರು ಕೊಟ್ಟ ಉಡುಗೊರೆ ಎರಡು ಇಟ್ಟಿಗೆ. ಬಣ್ಣದ ಕಾಗದ ಸುತ್ತಿ, ಮೇಲೆ ರಿಬ್ಬನ್ ಬೇರೆ! ಹೆಂಡತಿ ಮೆಲ್ಲಗೆ ಕೇಳಿದಳು, "ಎರಡು ಯಾಕೆ ಮಾವ?"

"ಒಂದೇ ಕೊಟ್ರೆ ಅನ್ಯಾಯ ಆಗ್ತದಲ್ಲ ಮಗಾ. ಜಗಳ ಬಂದಾಗ ಇಬ್ಬರ ಕೈಯಲ್ಲೂ ಇರ್ಬೇಕು."

ಇನ್ನು ಸಂದೇಶ್ ಎನ್ನುವ ಬಂಗಾಳಿ ಮಿಠಾಯಿ ಕೊಳ್ಳುವಾಗಲೂ ಅಷ್ಟೇ. ಒಳ್ಳೆಯ ಇಟ್ಟಿಗೆಯ ಮೇಲೆ ಉಗುರಿನ ಗೀರು ಬೀಳಬಾರದು. ಮಿಠಾಯಿಗೂ ಆ ನಿಯಮ ಹಚ್ಚಬೇಡಿ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಅಂಗಡಿಯವನು ಸೋತು, ಮಾವ ಗೀರುವುದಕ್ಕೆಂದೇ ಹಳೆಯದೊಂದು ಸಂದೇಶ್ ತುಂಡನ್ನು ತಟ್ಟೆಯಲ್ಲಿ ಬೇರೆ ಇಟ್ಟಿದ್ದಾನೆ. ಮಾವ ಅದನ್ನು ಪರೀಕ್ಷಿಸಿ, "ಇದು ಫಸ್ಟ್ ಕ್ಲಾಸ್" ಎಂದು ಮೆಚ್ಚಿ, ಮೆತ್ತಗಿರುವುದನ್ನು ಕೊಂಡು ತರುತ್ತಾರೆ.

ಇಂಥ ಮನುಷ್ಯ ಹೋದ ವರ್ಷ ನನಗೊಂದು ಆಜ್ಞೆ ಮಾಡಿದರು. ಕಂಪನಿಯ ಚರಿತ್ರೆ ಬರೆಯಬೇಕು!

ಅದಕ್ಕೆ ಕಾರಣ ಅವರ ಮಗಳು ಮಿಠು. ಒಬ್ಬಳೇ ಮಗಳು. ಸಿವಿಲ್ ಎಂಜಿನಿಯರಿಂಗ್ ಓದಿ, ಬೇರೆ ಯಾವ ಕೆಲಸಕ್ಕೂ ಹೋಗದೆ ಗೂಡಿನ ಆಫೀಸಿಗೇ ಬಂದು ಕೂತವಳು. ಮಣ್ಣು ಸಿಗುವುದು ಕಷ್ಟ, ಹೊಗೆಗೆ ನೂರು ತಕರಾರು. ಗೂಡನ್ನು ಮುಚ್ಚಿ, ವಿದ್ಯುತ್ ಸ್ಥಾವರದ ಹಾರುಬೂದಿಯಿಂದ ಇಟ್ಟಿಗೆ ಒತ್ತುವ ಯಂತ್ರ ಹಾಕೋಣ ಎನ್ನುವುದು ಅವಳ ಯೋಜನೆ. ಅದಕ್ಕೆ ಕಂಪನಿ ಅವಳ ಹೆಸರಿಗೆ ಆಗಬೇಕು, ಮಾವ ಸಹಿ ಹಾಕಬೇಕು. ಮಾವ ಬೇಡ ಎನ್ನಲಿಲ್ಲ. "ಮೊದಲು ಚರಿತ್ರೆ ಮುಗೀಲಿ. ಮತ್ತೆ ಸಹಿ" ಎಂದರು.

ನಾನು ಪ್ರತಿ ಭಾನುವಾರ ಹೋಗತೊಡಗಿದೆ. ಮೊದಲ ಭಾನುವಾರ ಮುತ್ತಜ್ಜ ಹಂಚು ತುಂಬಿದ ಹಡಗಿನಲ್ಲಿ ಬಂದಿಳಿದರು. ಎರಡನೆಯ ಭಾನುವಾರ ಅವರು ಕಾಶಿಗೆ ಹೊರಟು, ನಿದ್ದೆಗಣ್ಣಿನಲ್ಲಿ ತಪ್ಪು ರೈಲು ಹತ್ತಿ ಹೌರಾದಲ್ಲಿ ಇಳಿದಿದ್ದರು. ಮೂರನೆಯ ಸಲ ಅಣ್ಣನ ಜೊತೆ ಜಗಳವಾಡಿ ಓಡಿಬಂದರು. ಆ ಸಲ ಅವರಿಗೆ ಮೀಸೆಯೂ ಬಂದಿತ್ತು.

"ಮಾವ, ಇದರಲ್ಲಿ ಯಾವುದು ನಿಜ?"

"ನಿಂಗೆ ಎಷ್ಟು ಪುಟ ಬೇಕು ಹೇಳು ಮಾರಾಯ. ಹಾಗೆ ನೋಡುವ."

ನನಗೇನು, ನಾನು ಮೂರನ್ನೂ ಬರೆದುಕೊಂಡೆ. ಚೊಕ್ಕಟವಾಗಿ ಒಂದೇ ದಾರಿಯಲ್ಲಿ ನಡೆದುಬರುವ ಗತಕಾಲದ ಮೇಲೆ ನನಗೂ ಅಷ್ಟೇನೂ ನಂಬಿಕೆಯಿಲ್ಲ. ಆದರೆ ಒಂದು ವಿಚಿತ್ರ ಗಮನಿಸಿದೆ. ಮುತ್ತಜ್ಜ ಮುಗಿದು, ಅಜ್ಜ ಮುಗಿದು, ಕಥೆ ಮಾವನ ಹೊಸ್ತಿಲಿಗೆ ಬಂತೋ ಇಲ್ಲವೋ, "ತಡಿ ತಡಿ, ಆ ಮೀಸೆ ತೆಗೀಬೇಕು" ಎಂದು ಮತ್ತೆ ಮುತ್ತಜ್ಜನ ಹತ್ತಿರ ಓಡುತ್ತಿದ್ದರು. ಮಳೆಗಾಲ ಕಳೆಯಿತು, ದುರ್ಗಾಪೂಜೆ ಕಳೆಯಿತು, ಮಾವ ಇನ್ನೂ ಹುಟ್ಟಲಿಲ್ಲ!

ಮಿಠುವಿನ ತಾಳ್ಮೆ ತಪ್ಪಿತು. ಮಳೆಗಾಲಕ್ಕೆ ಊರಿಗೆ ಹೋದ ಕೆಲಸಗಾರರು ಕಾಳಿಪೂಜೆಯಾದ ಕೂಡಲೇ ವಾಪಸ್ ಬರುತ್ತಾರೆ. ಅಷ್ಟರೊಳಗೆ ಗೂಡಿಗೆ ಬೆಂಕಿ ಕೊಡುವುದೋ, ಯಂತ್ರ ತರುವುದೋ ತೀರ್ಮಾನವಾಗಬೇಕು. "ದಾದಾ, ಈ ಸಂಡೇ ಲಾಸ್ಟ್. ನೀನೇ ಬೋಲೋ ಅವರಿಗೆ. ಸೈನ್ ಇಲ್ಲ ಅಂದ್ರೆ ಇಲ್ಲ ಅಂತ ಹೇಳ್ಬಿಡ್ಲಿ ನಾ!" ಎಂದು ಫೋನಿನಲ್ಲಿ ಅಳುವ ಹಾಗಾದಳು.

ಹೋದೆ. ಬೆಂಕಿಯಿಲ್ಲದ ಗೂಡಿನ ಮೇಲೆ ಹುಲ್ಲು ಬೆಳೆದಿತ್ತು. ಆಫೀಸಿನಲ್ಲಿ ಮಾವ ಒಬ್ಬರೇ ಇದ್ದರು. ಎದುರಿಗೆ ಸಹಿಯಾಗದ ಕಾಗದಗಳು, ಅವುಗಳ ಮೇಲೆ ಭಾರಕ್ಕೆ ಇನ್ನೇನು, ಇಟ್ಟಿಗೆ. ನಾನು ಧೈರ್ಯ ಮಾಡಿದೆ.

"ಮಾವ, ನೇರವಾಗಿ ಹೇಳಿ. ನಿಮಗೆ ಗೂಡು ಬಿಡೋಕೆ ಮನಸ್ಸಿಲ್ಲ, ಅಲ್ವಾ?"

ಅವರು ನನ್ನನ್ನು ಸೆಕೆಂಡ್ ಕ್ಲಾಸ್ ಇಟ್ಟಿಗೆಯನ್ನು ನೋಡುವ ಹಾಗೆ ನೋಡಿದರು.

"ಗೂಡು ಬಿದ್ದು ಹೋಗ್ಲಿ ಮಾರಾಯ! ಗೂಡು ಯಾರಿಗೆ ಬೇಕು?"

ಅವರು ಕಿಟಕಿಯ ಕಡೆ ತಿರುಗಿದರು.

"ಬರ್ಕೊಳ್ತೀಯಾ? ಬರ್ಕೋ. ನಾನು ಕ್ಲಾಸಿನಲ್ಲಿ ಭೂಪಟಕ್ಕೆ ಬಣ್ಣ ಹಾಕ್ತಾ ಇದ್ದೆ. ಅಪ್ಪ ಬಂದು ಬಾಗಿಲಲ್ಲಿ ನಿಂತ್ರು. ಚೀಲ ತಗೋ, ನಾಳೆಯಿಂದ ಗೂಡಿಗೆ ಬರ್ಬೇಕು ಅಂದ್ರು. ಸಮುದ್ರಕ್ಕೆ ಬಣ್ಣ ಹಾಕ್ಲಿಕ್ಕೆ ಬಾಕಿ ಉಂಟಪ್ಪ ಅಂದೆ. ಮತ್ತೆ ಹಾಕುವ ಅಂದ್ರು. ಅಷ್ಟೇ. ಅಪ್ಪನಿಗೂ ಅವರಪ್ಪ ಹಾಗೇ ಮಾಡಿದ್ದಂತೆ. ನಿಂಗೆ ಎಂತ ಬೇಕು ಅಂತ ಇಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ."

"ಹಾಗಾದರೆ ಈ ಚರಿತ್ರೆ?"

"ಎಳೀತಾ ಇದ್ದೆ. ಬೇಜಾರಾಗಿ ಬಿಟ್ಟು ಹೋಗ್ತಾಳೆ, ತನಗೆ ಬೇಕಾದ್ದು ಮಾಡ್ಕೊಳ್ತಾಳೆ ಅಂತ ಕಾದೆ. ಹೋಗುದೇ ಇಲ್ಲ ಹುಡುಗಿ! ನಂಗೋಸ್ಕರ ಕೂತಿದ್ದಾಳೆ ಅವಳು. ಪಾಪದ್ದು."

ಬಾಗಿಲಲ್ಲಿ ಮಿಠು ನಿಂತಿದ್ದಳು. ಕೈಯಲ್ಲಿ ಚಹಾದ ಕೆಟಲ್ ಇತ್ತು. ಛತ್ರಿಯೂ ಇರಬಹುದು, ನನ್ನ ನೆನಪೂ ಇದೇ ಮನೆತನದ್ದಲ್ಲವೇ! ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎನ್ನುವುದು ಮಾತ್ರ ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಅಪ್ಪಾ, ನೀವೂ ನನ್ನನ್ನ ಕೇಳಿಲ್ಲ" ಎಂದಳು.

ಯಾವ ಗೋಡೆಯ ಎದುರಿಗೂ ಮಾತು ನಿಲ್ಲಿಸದ ಮಾವ ಕನ್ನಡಕ ತೆಗೆದರು, ಹಾಕಿದರು. ಆಮೇಲೆ, ಮೊದಲ ಸಲ ನೋಡಿದವರ ಹೆಸರು ಕೇಳುವಷ್ಟು ಸಂಕೋಚದಿಂದ, "ನಿಂಗೆ ಇದು ಬೇಕಾ ಮಿಠು?" ಎಂದರು.

"ಬೇಕು."

"ನಂಗೋಸ್ಕರ ಅಲ್ಲ ತಾನೇ?"

"ನಿಮಗೋಸ್ಕರ ಆದ್ರೆ ನಿಮ್ಮ ಗೂಡು ಯಾಕೆ ಬಂದ್ ಮಾಡ್ತೀನಿ? ಮಷೀನ್ ನಂದು. ನಂಗೇ ಬೇಕು."

ಮಾವ ಸಹಿ ಹಾಕಿದರು. ಎಲ್ಲ ಪುಟಗಳಿಗೂ, ಬೇಡವಾದ ಕಡೆಯೂ ಹಾಕಿದರು. ಆಮೇಲೆ ಎದ್ದು, ತಮ್ಮ ಕುರ್ಚಿಯನ್ನು ಪಂಚೆಯ ತುದಿಯಿಂದ ಒರೆಸಿ, ಮಗಳನ್ನು ಕೂರಿಸಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು, ಮತ್ತೆ ಹತ್ತಿರ ಬಂದರು.

"ಎತ್ತರ ಸಾಕಾ? ಬೆನ್ನಿಗೆ ದಿಂಬು ಬೇಕಾ? ನದಿ ಕಾಣ್ಬೇಕಾ ಬೇಡ್ವಾ, ಹೇಳು, ಬೇಕಿದ್ರೆ ಮೇಜು ತಿರುಗಿಸುವ."